ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ: ಬಟನ್ ಒತ್ತಿದ ಮೇಲೆ ಜಿಗಿಯಲು ಯಾಕಿಷ್ಟು ಹೊತ್ತು?

ಈ ಸಲದ ಅಂಕಣದಲ್ಲಿ ಹೆಚ್ಚಿನ ಜಾಗ ಒಂದೇ ಪತ್ರಕ್ಕೆ ಹೋಗಿದೆ. ಹಾಸನ ಜಿಲ್ಲೆಯ ಒಂಬತ್ತನೇ ತರಗತಿಯ ವಿದ್ಯಾರ್ಥಿಯೊಬ್ಬ ನೋಟ್‌ಬುಕ್ಕಿನ ಹಾಳೆ ತುಂಬ ಪ್ರಶ್ನೆ ಬರೆದು ಕಳಿಸಿದ್ದಾನೆ. ವಿಡಿಯೊ ಗೇಮ್ ಎಂದರೆ ಪ್ರಾಣ, ರಾತ್ರಿಯ ವಾರ್ತೆ ತಪ್ಪಿಸುವುದಿಲ್ಲ, ಮನೆಗೆ ಯಾವ ಯಂತ್ರ ಬಂದರೂ ಅದರ ಒಳಗೇನಿದೆ ಎಂದು ತಿಳಿಯದೆ ಸಮಾಧಾನವಿಲ್ಲ. ಪ್ರಶ್ನೆಗಳನ್ನು ಒಟ್ಟಿಗೆ ಓದಿದಾಗ ನಮಗೆ ಕಂಡದ್ದು ಇಷ್ಟು: ಬಹುಪಾಲು ಪ್ರಶ್ನೆಗಳು ತಡದ ಬಗ್ಗೆ ಇವೆ. ಗೇಮ್ ಯಾಕೆ ತಡ, ವರದಿಗಾರ ಯಾಕೆ ತಡ, ಕ್ರಿಕೆಟ್ ಯಾಕೆ ತಡ. ತಡವನ್ನು ಅಳೆಯಬಹುದು, ಅಳೆದರೆ ಅದು ಎಲ್ಲಿ ಹುಟ್ಟುತ್ತಿದೆ ಎಂದು ಹಿಡಿಯಬಹುದು. ಹಾಗಾಗಿ ಸಾಧ್ಯವಾದ ಕಡೆಯೆಲ್ಲ ಅಳೆಯುವ ದಾರಿಯನ್ನೂ ಹೇಳಿದ್ದೇವೆ.

ಪ್ರಶ್ನೆ: ಮನೆಗೆ ಹೊಸ 43 ಇಂಚಿನ ಟಿವಿ ಬಂದಿದೆ. ಚಿಕ್ಕಪ್ಪನ ಹಳೆಯ ಗೇಮ್ ಕನ್ಸೋಲ್ ಜೋಡಿಸಿದರೆ ಬಟನ್ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಜಿಗಿಯುತ್ತದೆ. ಹಳೆಯ ಡಬ್ಬಾ ಟಿವಿಯಲ್ಲಿ ಹೀಗಿರಲಿಲ್ಲ. ಹೊಸ ಟಿವಿ ಕೆಟ್ಟದ್ದೇ?

ಉತ್ತರ: ಕೆಟ್ಟಿಲ್ಲ. ಡಬ್ಬಾ ಟಿವಿಯಲ್ಲಿ ಸಿಗ್ನಲ್ ಬಂದ ಹಾಗೆಯೇ ಗೆರೆಗೆರೆಯಾಗಿ ಪರದೆ ಮೇಲೆ ಬೀಳುತ್ತಿತ್ತು, ಚಿತ್ರವನ್ನು ಕೂಡಿಡುವ ಜಾಗವೇ ಅದರಲ್ಲಿ ಇರಲಿಲ್ಲ. ಈಗಿನ ಟಿವಿ ಪ್ರತಿ ಚಿತ್ರವನ್ನೂ ಮೊದಲು ಮೆಮೊರಿಗೆ ತೆಗೆದುಕೊಂಡು, ದೊಡ್ಡದು ಮಾಡಿ, ಕಲೆ ತೆಗೆದು, ಬಣ್ಣ ತಿದ್ದಿ ತೋರಿಸುತ್ತದೆ. ಚಲನೆಯನ್ನು ನಯ ಮಾಡುವ ‘ಮೋಷನ್ ಸ್ಮೂದಿಂಗ್’ ಇದ್ದರೆ ಇನ್ನೂ ಕಷ್ಟ. ಎರಡು ಚಿತ್ರಗಳ ನಡುವೆ ಹೊಸದೊಂದನ್ನು ಹೊಲಿಯಬೇಕಾದರೆ ಮುಂದಿನ ಚಿತ್ರ ಬರುವವರೆಗೆ ಅದು ಕಾಯಲೇಬೇಕು. ಸೆಕೆಂಡಿಗೆ 60 ಚಿತ್ರ ಬರುವ ಗೇಮ್‌ನಲ್ಲಿ ಒಂದು ಚಿತ್ರ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಟಿವಿ ಆರು ಚಿತ್ರ ಹಿಡಿದಿಟ್ಟುಕೊಂಡರೆ 100 ಮಿಲಿಸೆಕೆಂಡ್ ಹೋಯಿತು. ಸಿನಿಮಾ ನೋಡುವಾಗ ಇದು ಗೊತ್ತೇ ಆಗದು, ಜಿಗಿಯುವಾಗ ಹಳ್ಳಕ್ಕೆ ಬೀಳುತ್ತೀಯ.

ಮಾಡಬೇಕಾದ್ದು: ಟಿವಿಯನ್ನು ಕನ್ಸೋಲ್ ಇರುವ ಎಚ್‌ಡಿಎಂಐ ಇನ್‌ಪುಟ್‌ಗೆ ತಂದುಕೋ. ಆಮೇಲೆ ಸೆಟ್ಟಿಂಗ್ಸ್, ಪಿಕ್ಚರ್, ಪಿಕ್ಚರ್ ಮೋಡ್, ಗೇಮ್. ಅನೇಕ ಟಿವಿಗಳು ಈ ಆಯ್ಕೆಯನ್ನು ಒಂದೊಂದು ಇನ್‌ಪುಟ್‌ಗೂ ಬೇರೆಯಾಗಿ ನೆನಪಿಡುತ್ತವೆ. ಡಿಟಿಎಚ್ ನೋಡುತ್ತಾ ಗೇಮ್ ಮೋಡ್ ಹಾಕಿ, ಆಮೇಲೆ ಕನ್ಸೋಲ್‌ಗೆ ಬಂದರೆ ಏನೂ ಬದಲಾಗಿರುವುದಿಲ್ಲ. ಕನ್ಸೋಲ್ ತೀರಾ ಹಳೆಯದಾಗಿ ಕೆಂಪು, ಬಿಳಿ, ಹಳದಿ ಪಿನ್‌ಗಳ ವಯರಿನಲ್ಲಿ ಸೇರಿಸಿದ್ದರೆ, ಅರ್ಧರ್ಧ ಗೆರೆಗಳಾಗಿ ಬರುವ ಚಿತ್ರವನ್ನು ಟಿವಿ ಜೋಡಿಸಿಕೊಳ್ಳಬೇಕಾಗುತ್ತದೆ. ಆಗ ಗೇಮ್ ಮೋಡ್‌ನಲ್ಲೂ ಸ್ವಲ್ಪ ತಡ ಉಳಿಯುತ್ತದೆ. ಅಂಥ ಕನ್ಸೋಲಿಗೆ ಡಬ್ಬಾ ಟಿವಿಯೇ ಸರಿ, ಅದನ್ನು ಗುಜರಿಗೆ ಹಾಕಬೇಡಿ.

ಅಳೆಯುವುದು ಹೀಗೆ. ಸೆಕೆಂಡಿಗೆ 240 ಫ್ರೇಮ್, ಅಂದರೆ 240 ಚಿತ್ರ, ಹಿಡಿಯುವ ಸ್ಲೋ ಮೋಷನ್ ಇರುವ ಫೋನ್ ಬೇಕು. ಹೆಬ್ಬೆರಳು ಮತ್ತು ಟಿವಿ ಎರಡೂ ಕಾಣುವಂತೆ ಫೋನ್ ನಿಲ್ಲಿಸಿ ರೆಕಾರ್ಡ್ ಮಾಡು. ಗೇಮ್‌ನ ಮೆನುವಿನಲ್ಲಿ ಬಟನ್ ಒತ್ತಿ ಆಯ್ಕೆ ಸರಿಸು. ಜಿಗಿತವನ್ನು ಅಳೆಯಬೇಡ, ಜಿಗಿಯುವ ಮುನ್ನ ಮಂಡಿ ಬಗ್ಗಿಸುವ ಒಂದೆರಡು ಫ್ರೇಮ್ ಕೆಲವು ಗೇಮ್‌ಗಳಲ್ಲೇ ಇರುತ್ತವೆ. ಬಟನ್ ತಳ ಮುಟ್ಟಿದ ಫ್ರೇಮ್‌ನಿಂದ ಪರದೆ ಬದಲಾದ ಫ್ರೇಮ್‌ವರೆಗೆ ಎಣಿಸಿ 4.17ರಿಂದ ಗುಣಿಸಿದರೆ ಮಿಲಿಸೆಕೆಂಡ್ ಸಿಗುತ್ತದೆ. 24 ಫ್ರೇಮ್ ಬಂದರೆ 100. ಹತ್ತು ಸಲ ಮಾಡಿ ಸರಾಸರಿ ತೆಗೆ. ಗೇಮ್ ಮೋಡ್ ಇಲ್ಲದೆ ಒಮ್ಮೆ, ಇದ್ದು ಒಮ್ಮೆ ಅಳೆದರೆ ಎರಡರ ವ್ಯತ್ಯಾಸವೇ ಟಿವಿ ಮಾಡುತ್ತಿದ್ದ ಅಲಂಕಾರದ ಪಾಲು. ಚಿತ್ರ ಸರಿಯಿದ್ದು ಸದ್ದು ಮಾತ್ರ ತಡವಾದರೆ ಬ್ಲೂಟೂತ್ ಇಯರ್‌ಫೋನ್ ತೆಗೆದು ವಯರಿನದು ಹಾಕು.

ಪ್ರಶ್ನೆ: ಆನ್‌ಲೈನ್ ಆಡುವಾಗ ಪಿಂಗ್ 40 ಇದ್ದದ್ದು ಇದ್ದಕ್ಕಿದ್ದ ಹಾಗೆ 300 ಆಗುತ್ತದೆ. ನಮ್ಮದು 100 ಎಂಬಿಪಿಎಸ್ ಫೈಬರ್. 200ರ ಪ್ಲಾನ್ ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಅಪ್ಪನಿಗೆ ಆ ಖರ್ಚು ಹಾಕಿಸಬೇಡ. ಒಂದು ಲಾರಿ ಅಕ್ಕಿ ಸಾಗಿಸುವುದು ಬೇರೆ, ಒಂದು ಚೀಟಿ ಬೇಗ ಮುಟ್ಟಿಸುವುದು ಬೇರೆ. ಸೆಕೆಂಡಿಗೆ ಎಷ್ಟು ಡೇಟಾ ಎನ್ನುವ ಎಂಬಿಪಿಎಸ್ ಲಾರಿಯ ಲೆಕ್ಕ. ಗೇಮ್ ನಡೆಸುವ ದೂರದ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ, ಹೋಗಿಬರಲು ಎಷ್ಟು ಮಿಲಿಸೆಕೆಂಡ್ ಎನ್ನುವ ಪಿಂಗ್ ಚೀಟಿಯ ಲೆಕ್ಕ. ಗೇಮ್ ಆಡುವಾಗ ಹೋಗಿಬರುವುದು ನೀನೆಲ್ಲಿದ್ದೀಯ, ಏನು ಮಾಡಿದೆ ಎಂಬ ಸಣ್ಣ ಚೀಟಿಗಳೇ.

ಕಡಿಮೆ ಎಂದರೆ ಪಿಂಗ್ ಎಷ್ಟಿರಬಹುದು ಎಂಬುದಕ್ಕೆ ಮಿತಿಯೂ ಇದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ, ಅಂದರೆ ಮಿಲಿಸೆಕೆಂಡಿಗೆ 200 ಕಿ.ಮೀ. ಬೆಂಗಳೂರಿನಿಂದ ಸಿಂಗಪುರ ನೇರ ದೂರದಲ್ಲೇ ಸುಮಾರು 3,200 ಕಿ.ಮೀ. ಹೋಗಿಬರುವುದಕ್ಕೆ 32 ಮಿಲಿಸೆಕೆಂಡ್ ಬೇಕೇ ಬೇಕು, ಕೇಬಲ್ ಸುತ್ತು ಹಾದಿಯಲ್ಲಿ ಹೋಗುವುದರಿಂದ ಇನ್ನೂ ಹೆಚ್ಚು. ಸರ್ವರ್ ಸಿಂಗಪುರದಲ್ಲಿದ್ದರೆ 20 ಪಿಂಗ್ ಯಾರಿಗೂ ಸಿಗದು. ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಭಾರತದ ಸರ್ವರ್ ಇದ್ದರೆ ಅದನ್ನೇ ಆರಿಸಿಕೋ.

ನಿನ್ನ ತೊಂದರೆ ಇದ್ದಕ್ಕಿದ್ದ ಹಾಗೆ ಏರುವುದು, ಆದ್ದರಿಂದ ಅದು ದೂರದ್ದಲ್ಲ. ಲ್ಯಾಪ್‌ಟಾಪ್‌ನಲ್ಲಿ ಎರಡು ಕಮಾಂಡ್ ಪ್ರಾಂಪ್ಟ್ ತೆರೆ. ಒಂದರಲ್ಲಿ ಪಿಂಗ್ ಆಜ್ಞೆಯನ್ನು ರೂಟರಿನ ವಿಳಾಸಕ್ಕೆ ಕೊಡು. ಅನೇಕ ಮನೆಗಳಲ್ಲಿ ಅದು 192.168.1.1, ಇಲ್ಲದಿದ್ದರೆ ರೂಟರಿನ ಅಡಿಯ ಚೀಟಿಯಲ್ಲಿ ಬರೆದಿರುತ್ತದೆ. ಇನ್ನೊಂದರಲ್ಲಿ ಮನೆಯ ಹೊರಗಿನ ಗೂಗಲ್ ಸರ್ವರ್‌ನ ವಿಳಾಸವಾದ 8.8.8.8ಕ್ಕೆ ಕೊಡು. ಎರಡಕ್ಕೂ ಕೊನೆಯಲ್ಲಿ ಹೈಫನ್ ಮತ್ತು ಟಿ ಸೇರಿಸಿದರೆ ನಿಲ್ಲಿಸುವವರೆಗೆ ಓಡುತ್ತಿರುತ್ತವೆ. ಈಗ ಗೇಮ್ ಆಡು. ಪಿಂಗ್ ಏರಿದಾಗ ರೂಟರಿನ ಸಾಲೂ ಏರಿದ್ದರೆ ದೋಷ ನಿನ್ನ ಮನೆಯ ವೈಫೈನಲ್ಲಿದೆ: 5 ಗಿಗಾಹರ್ಟ್ಸ್‌ಗೆ ಹೋಗು, ನಡುವೆ ಎರಡು ಗೋಡೆ ಇದ್ದು ಅದು ತಲುಪದಿದ್ದರೆ 2.4ರಲ್ಲೇ ಇದ್ದು ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸು. ರೂಟರಿನ ಸಾಲು ಎರಡು ಮೂರರಲ್ಲೇ ನಿಂತು 8.8.8.8 ಮಾತ್ರ ಏರಿದರೆ ಮನೆಯಲ್ಲಿ ಯಾರದೋ ಫೋನ್ ಫೋಟೊ ಬ್ಯಾಕಪ್ ಕಳಿಸುತ್ತಿದೆಯೇ ನೋಡು. ಮೇಲಕ್ಕೆ ಹೋಗುವ ದಾರಿ ತುಂಬಿದಾಗ ರೂಟರ್ ಎಲ್ಲವನ್ನೂ ಸರತಿಯಲ್ಲಿ ನಿಲ್ಲಿಸುತ್ತದೆ, ನಿನ್ನ ಚೀಟಿ ಆ ಸರತಿಯ ಕೊನೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ಯಾಕಪ್ಪನ್ನು ರಾತ್ರಿಗೆ ಹಾಕಿಸು. ರೂಟರಿನಲ್ಲಿ ಕ್ಯುಒಎಸ್ (ಯಾವ ಡೇಟಾ ಮೊದಲು ಹೋಗಬೇಕೆಂದು ನಿಭಾಯಿಸುವ ಸೆಟ್ಟಿಂಗ್) ಇದ್ದರೆ ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗದ ಶೇ. 85ರಿಂದ 90ಕ್ಕೆ ಇಳಿಸು.

ಪ್ರಶ್ನೆ: ವಾರ್ತೆಯಲ್ಲಿ ಆ್ಯಂಕರ್ ಪ್ರಶ್ನೆ ಕೇಳಿದ ಮೇಲೆ ಸ್ಥಳದಲ್ಲಿರುವ ವರದಿಗಾರ ಸುಮ್ಮನೆ ತಲೆ ಆಡಿಸುತ್ತಾ ನಿಲ್ಲುತ್ತಾರೆ, ಆಮೇಲೆ ಮಾತಾಡುತ್ತಾರೆ. ಅವರಿಗೆ ಪ್ರಶ್ನೆ ಕೇಳಿಸುವುದಿಲ್ಲವೇ?

ಉತ್ತರ: ಕೇಳಿಸಿರುತ್ತದೆ. ನಾವು ನೋಡುತ್ತಿರುವುದು ಪ್ರಶ್ನೆ ಕೇಳಿಸುವ ಮುಂಚಿನ ಅವರ ಮುಖ. ಪ್ರಶ್ನೆ ಹೋಗುವುದಕ್ಕೆ ಒಂದಿಷ್ಟು ಹೊತ್ತು, ಉತ್ತರದ ಚಿತ್ರ ಬರುವುದಕ್ಕೆ ಇನ್ನಷ್ಟು ಹೊತ್ತು. ಎರಡೂ ಸೇರಿ ಆ ಮೌನ.

ಉಪಗ್ರಹದ ವ್ಯಾನ್ ಬಳಸಿದ್ದರೆ ಲೆಕ್ಕ ಸುಲಭ. ಭೂಸ್ಥಿರ ಉಪಗ್ರಹ ಇರುವುದು ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ. ನಮ್ಮ ಇನ್ಸ್ಯಾಟ್, ಜಿಸ್ಯಾಟ್‌ಗಳನ್ನು ಅವುಗಳ ಜಾಗದಿಂದ ಕದಲದಂತೆ ನೋಡಿಕೊಳ್ಳುವ ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನಿನ್ನ ಹಾಸನದಲ್ಲೇ ಇದೆ. ಹತ್ತಿ ಇಳಿಯುವುದಕ್ಕೆ ಸುಮಾರು 72,000 ಕಿ.ಮೀ., ಬೆಳಕಿನ ವೇಗದಲ್ಲಿ 0.24 ಸೆಕೆಂಡ್. ಇದರ ಮೇಲೆ ವಿಡಿಯೊವನ್ನು ಕುಗ್ಗಿಸಿ ಕಳಿಸುವ, ಬಿಡಿಸಿ ನೋಡುವ ಸಮಯ ಸೇರುತ್ತದೆ.

ಈಗ ಹೆಚ್ಚಾಗಿ ವರದಿಗಾರರ ಜೊತೆ ಇರುವುದು ಬೆನ್ನಿಗೆ ಹಾಕುವ ಒಂದು ಚೀಲ. ಒಳಗೆ ಬೇರೆ ಬೇರೆ ಕಂಪನಿಗಳ ಹಲವು ಸಿಮ್ ಇರುತ್ತವೆ. ವಿಡಿಯೊ ಚೂರುಚೂರಾಗಿ ಎಲ್ಲ ಸಿಮ್‌ಗಳ ಮೂಲಕ ಒಟ್ಟಿಗೆ ಹೊರಡುತ್ತದೆ. ಒಂದು ಟವರ್ ಚುರುಕು, ಇನ್ನೊಂದು ನಿಧಾನ, ಹಾಗಾಗಿ ಚೂರುಗಳು ಸ್ಟುಡಿಯೊಗೆ ಹಿಂದುಮುಂದಾಗಿ ಬರುತ್ತವೆ. ನಿಧಾನದ ಚೂರೂ ಬಂದು ಸೇರಲಿ ಎಂದು ಅಲ್ಲಿನ ಯಂತ್ರ ಒಂದೆರಡು ಸೆಕೆಂಡ್ ಕಾಯುವಂತೆ ಹೊಂದಿಸಿರುತ್ತಾರೆ. ಜಾತ್ರೆ, ಚುನಾವಣಾ ರ‍್ಯಾಲಿಯಲ್ಲಿ ಸಾವಿರಾರು ಫೋನ್ ಒಂದೇ ಟವರಿಗೆ ಜೋತುಬಿದ್ದಾಗ ಈ ಕಾಯುವಿಕೆಯನ್ನು ಇನ್ನೂ ಹೆಚ್ಚಿಸಬೇಕಾಗುತ್ತದೆ. ಕಡಿಮೆ ಮಾಡಿದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ.

ಇನ್ನೊಂದು ಸೂಕ್ಷ್ಮ ಗಮನಿಸು. ಕೆಲವೊಮ್ಮೆ ವರದಿಗಾರರು ಮಾತಾಡುತ್ತಾ ತಡವರಿಸಿ, ಕಿವಿಯ ಇಯರ್‌ಪೀಸ್ ಕಿತ್ತು ಹಿಡಿದುಕೊಳ್ಳುತ್ತಾರೆ. ಅವರದೇ ದನಿ ತಡವಾಗಿ ಅವರ ಕಿವಿಗೆ ವಾಪಸು ಬರುತ್ತಿರುವುದರ ಲಕ್ಷಣ ಅದು. ತನ್ನ ಮಾತು ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಿ ಕೇಳಿಸಿದರೆ ಎಂಥ ಮಾತುಗಾರನ ನಾಲಿಗೆಯೂ ತೊಡರುತ್ತದೆ. ಇದನ್ನು ತಪ್ಪಿಸಲು ಸ್ಟುಡಿಯೊದ ಸೌಂಡ್ ಎಂಜಿನಿಯರ್ ವರದಿಗಾರನಿಗೆ ‘ಮಿಕ್ಸ್ ಮೈನಸ್’ ಕಳಿಸುತ್ತಾರೆ: ಕಾರ್ಯಕ್ರಮದ ಎಲ್ಲ ಸದ್ದು, ಅವನ ದನಿಯೊಂದನ್ನು ಬಿಟ್ಟು. ಆ ಒಂದು ಗುಂಡಿ ಒತ್ತಲು ಮರೆತರೆ ನೇರ ಪ್ರಸಾರದಲ್ಲಿ ವರದಿಗಾರನ ಮಾನ ಹೋಗುತ್ತದೆ. ತೆರೆಯ ಹಿಂದಿನ ಇಂಥ ಕೆಲಸಗಾರರಿಗೆ ಸಿಗಬೇಕಾದ ಗೌರವ ಸಿಗುತ್ತಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನಾನು ಮೊಬೈಲಿನಲ್ಲಿ ಕ್ರಿಕೆಟ್ ನೋಡುವಾಗ ಪಕ್ಕದ ಮನೆಯವರು ಮೊದಲೇ ‘ಸಿಕ್ಸ್’ ಎಂದು ಕೂಗಿಬಿಡುತ್ತಾರೆ.

ಉತ್ತರ: ಅವರದು ಡಿಶ್ ಅಥವಾ ಕೇಬಲ್. ಮೊಬೈಲಿಗೆ ಬರುವ ನೇರ ಪ್ರಸಾರವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ. 6 ಸೆಕೆಂಡಿನ ತುಂಡು ಎಂದುಕೊಂಡರೆ, ನಡುವೆ ನಿಲ್ಲದಿರಲಿ ಎಂದು ಆ್ಯಪ್ ಮೂರು ತುಂಡು ಕೂಡಿಟ್ಟುಕೊಂಡೇ ಶುರುಮಾಡುತ್ತದೆ, ಅಲ್ಲಿಗೇ 18 ಸೆಕೆಂಡ್. ನಡುವೆ ಪಾಸ್ ಮಾಡಿದ್ದರೆ ಇನ್ನೂ ಹಿಂದೆ ಬಿದ್ದಿರುತ್ತೀಯ, ‘ಲೈವ್’ ಎಂಬ ಗುಂಡಿ ಒತ್ತಿ ಮುಂದಕ್ಕೆ ಬಾ. ಪಕ್ಕದ ಮನೆಯನ್ನು ಮಾತ್ರ ಹಿಂದೆ ಹಾಕಲಾಗದು.

ಪ್ರಶ್ನೆ: ಶಾಲೆಯಲ್ಲಿ ವಾರಕ್ಕೊಂದು ವಾರ್ತೆ ಮಾಡಬೇಕೆಂದಿದ್ದೇವೆ. ಎರಡು ಫೋನ್, ಒಂದು ಲ್ಯಾಪ್‌ಟಾಪ್ ಇದೆ. ಹಸಿರು ಪರದೆ, ಟೆಲಿಪ್ರಾಂಪ್ಟರ್ ಮಾಡಿಕೊಳ್ಳಬಹುದೇ?

ಉತ್ತರ: ಧಾರಾಳವಾಗಿ. ಆದರೆ ಮೊದಲು ಸದ್ದು. ಚಿತ್ರ ಸುಮಾರಾಗಿದ್ದರೂ ಜನ ನೋಡುತ್ತಾರೆ, ಬಾವಿಯೊಳಗಿಂದ ಬಂದಂಥ ದನಿಯನ್ನು ಯಾರೂ ಎರಡು ನಿಮಿಷ ಸಹಿಸುವುದಿಲ್ಲ. ಎರಡು ಮೀಟರ್ ದೂರದ ಫೋನಿಗೆ ನಿನ್ನ ದನಿಗಿಂತ ತರಗತಿಯ ಪ್ರತಿಧ್ವನಿಯೇ ಹೆಚ್ಚು ಕೇಳಿಸುತ್ತದೆ. ಎರಡನೇ ಫೋನಿಗೆ ಮೈಕ್ ಇರುವ ವಯರ್ ಇಯರ್‌ಫೋನ್ ಸಿಕ್ಕಿಸಿ ಜೇಬಿಗೆ ಹಾಕಿಕೋ, ಮೈಕನ್ನು ಬಾಯಿಂದ ಒಂದು ಗೇಣು ಕೆಳಗೆ ಅಂಗಿಗೆ ಪಿನ್ ಮಾಡು. ಗುರುತಿನ ಚೀಟಿಯ ಪಟ್ಟಿ ಉಜ್ಜಿದರೆ ಕರಕರ ಬರುತ್ತದೆ, ಅದನ್ನು ತೆಗೆದಿಡು. ಎರಡೂ ಫೋನ್ ರೆಕಾರ್ಡ್ ಶುರುವಾದ ಮೇಲೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ, ಮುಗಿಯುವಾಗ ಇನ್ನೊಂದು. ಎಡಿಟ್ ಮಾಡುವಾಗ ಚಪ್ಪಾಳೆಯ ಚೂಪು ಗೆರೆಗಳನ್ನು ಒಂದರ ಕೆಳಗೊಂದು ಕೂರಿಸಿದರೆ ತುಟಿ, ದನಿ ಹೊಂದುತ್ತವೆ.

ಟ್ಯೂಬ್‌ಲೈಟಿನ ಕೆಳಗೆ ವಿಡಿಯೊದಲ್ಲಿ ಕಪ್ಪು ಪಟ್ಟೆ ತೇಲುವುದನ್ನು ನೋಡಿರುತ್ತೀಯ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ ಅನ್ನು, ಅಂದರೆ ಒಂದು ಚಿತ್ರಕ್ಕೆ ಬೆಳಕು ಬಿಡುವ ಹೊತ್ತನ್ನು, 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪ್ರತಿ ಚಿತ್ರಕ್ಕೂ ಪೂರ್ತಿ ಮಿನುಗು ಸಿಕ್ಕಿ ಪಟ್ಟೆ ಹೋಗುತ್ತದೆ. 1/60ರಲ್ಲಿ ಹೋಗುವುದಿಲ್ಲ.

ಹಸಿರು ಪರದೆ ಎಂದರೆ ಹಿಂದೆ ಕಟ್ಟುವ ಹಸಿರು ಬಟ್ಟೆ, ಆ ಹಸಿರನ್ನು ಅಳಿಸಿ ಸಾಫ್ಟ್‌ವೇರ್ ಬೇರೆ ಚಿತ್ರ ಕೂರಿಸುತ್ತದೆ. ಬಟ್ಟೆ ಹೊಳಪಿಲ್ಲದ್ದಿರಲಿ. ಇಸ್ತ್ರಿ ಮಾಡಿ ಬಿಗಿಯಾಗಿ ಕಟ್ಟಿ. ಸುಕ್ಕಿನ ನೆರಳನ್ನು ಸಾಫ್ಟ್‌ವೇರ್ ಬೇರೆ ಬಣ್ಣವೆಂದು ತಿಳಿದು ಅಲ್ಲಲ್ಲಿ ಉಳಿಸಿಬಿಡುತ್ತದೆ. ಓದುವವರು ಬಟ್ಟೆಯಿಂದ ಎರಡು ಮೀಟರ್ ಮುಂದೆ ಕೂರಲಿ, ಹತ್ತಿರವಿದ್ದರೆ ಕುತ್ತಿಗೆಗೂ ಕೂದಲಿಗೂ ಹಸಿರು ಛಾಯೆ ಹೊಡೆಯುತ್ತದೆ. ಬಟ್ಟೆಗೆ ಬೇರೆ ದೀಪ, ಮುಖಕ್ಕೆ ಬೇರೆ ದೀಪ. ಹಸಿರನ್ನೇ ಬಳಸಲು ಕಾರಣ, ಕ್ಯಾಮೆರಾದ ಸೆನ್ಸರಿನಲ್ಲಿ ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರಿಗೇ ಮೀಸಲು, ಹಾಗಾಗಿ ಅಂಚು ಚೊಕ್ಕವಾಗಿ ಸಿಗುತ್ತದೆ. ನಿಮ್ಮ ಯೂನಿಫಾರಂ ಹಸಿರಾಗಿದ್ದರೆ ಮಾತ್ರ ನೀಲಿ ಬಟ್ಟೆ ತನ್ನಿ, ಇಲ್ಲವಾದರೆ ತೆರೆ ಮೇಲೆ ತಲೆ ಮಾತ್ರ ತೇಲುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಒಬಿಎಸ್ ಸ್ಟುಡಿಯೊ ಎಂಬ ವಿಡಿಯೊ ತಂತ್ರಾಂಶ ಹಾಕಿಕೊಳ್ಳಿ, ಉಚಿತ. ವಿಡಿಯೊವನ್ನು ಸೋರ್ಸ್ ಆಗಿ ಸೇರಿಸಿ, ಅದರ ಮೇಲೆ ರೈಟ್ ಕ್ಲಿಕ್, ಫಿಲ್ಟರ್ಸ್, ಕ್ರೋಮಾ ಕೀ. ‘ಸಿಮಿಲಾರಿಟಿ’ಯನ್ನು ಪೂರ್ತಿ ಇಳಿಸಿ, ಬಟ್ಟೆ ಮಾಯವಾಗುವವರೆಗೆ ಮಾತ್ರ ನಿಧಾನಕ್ಕೆ ಏರಿಸಿ. ಇನ್ನೂ ಏರಿಸಿದರೆ ಕಿವಿಯ ಅಂಚು ಕರಗಲು ಶುರುವಾಗುತ್ತದೆ.

ಓದಬೇಕಾದ ಬರಹವನ್ನು ಕ್ಯಾಮೆರಾ ಮುಂದೆಯೇ ತೋರಿಸುವ ಟೆಲಿಪ್ರಾಂಪ್ಟರಿಗೆ ಫೋಟೊ ಫ್ರೇಮಿನ ಗಾಜು ಸಾಕು. ಅಂಚಿಗೆ ಟೇಪ್ ಸುತ್ತಿ, ಕ್ಯಾಮೆರಾ ಮುಂದೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಅಕ್ಷರ ತೋರಿಸುವ ಫೋನ್ ಅಥವಾ ಟ್ಯಾಬ್ ಗಾಜಿನ ಕೆಳಗೆ ಮುಖ ಮೇಲಾಗಿ ಮಲಗಿರಲಿ, ಆ್ಯಪಿನಲ್ಲಿ ‘ಮಿರರ್’ ಆನ್ ಆಗಿರಲಿ. ಕ್ಯಾಮೆರಾವನ್ನೂ ಗಾಜಿನ ಹಿಂಬದಿಯನ್ನೂ ಕಪ್ಪು ಬಟ್ಟೆಯಿಂದ ಮುಚ್ಚಿ. ದಪ್ಪ ಗಾಜಿನ ಎರಡೂ ಮೈಯಿಂದ ಪ್ರತಿಬಿಂಬ ಬಂದು ಅಕ್ಷರ ಜೋಡಿಯಾಗಿ ಕಾಣುತ್ತದೆ, 2 ಮಿ.ಮೀ. ಗಾಜಿನಲ್ಲಿ ಅದು ಕಡಿಮೆ. ಕನ್ನಡಕ್ಕೆ ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡಲೇಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ‘ರಾಷ್ಟ್ರೀಯ’ ಓದುವಾಗ ತಡವರಿಸುತ್ತೀರಿ. ಸಾಲಿಗೆ ಮೂರು ಪದ ಸಾಕು. ಸಾಲು ಉದ್ದವಾದರೆ ಕಣ್ಣು ಆಚೀಚೆ ಓಡುವುದು ಕಾಣುತ್ತದೆ. ಅಂಕಿಗಳನ್ನು ಅಕ್ಷರದಲ್ಲಿ ಬರೆಯಿರಿ. ‘12,350’ ಎಂದಿದ್ದರೆ ನಾಲಿಗೆ ನಿಲ್ಲುತ್ತದೆ, ‘ಹನ್ನೆರಡು ಸಾವಿರದ ಮುನ್ನೂರೈವತ್ತು’ ಎಂದಿದ್ದರೆ ಓಡುತ್ತದೆ.

ಪ್ರಶ್ನೆ: ಮಗ ಪಿಯುಸಿ. ಗೇಮ್ ಬಿಡು ಎಂದರೆ ರೇಗುತ್ತಾನೆ. ಇದು ಚಟವೇ? ಹಣ ಕಳೆದುಕೊಳ್ಳುವ ಭಯವೂ ಇದೆ. (ತಾಯಿಯೊಬ್ಬರು, ದಾವಣಗೆರೆ)

ಉತ್ತರ: ರೇಗುವುದೊಂದೇ ಚಟದ ಗುರುತಲ್ಲ. ಗುಂಪಿನಲ್ಲಿ ಆಡುವ ಪಂದ್ಯ ಅರ್ಧ ಗಂಟೆಯವರೆಗೂ ನಡೆಯುತ್ತದೆ, ನಡುವೆ ಎದ್ದರೆ ಉಳಿದ ಗೆಳೆಯರು ಸೋಲುತ್ತಾರೆ. ‘ಹತ್ತು ನಿಮಿಷ’ ಎನ್ನುವ ಬದಲು ‘ಇದೊಂದು ಪಂದ್ಯ’ ಎಂದು ಮಾತಾಡಿಕೊಳ್ಳಿ, ಮುಗಿದ ಮೇಲೆ ಕಟ್ಟುನಿಟ್ಟಾಗಿರಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ‘ಗೇಮಿಂಗ್ ಡಿಸಾರ್ಡರ್’ ಎನ್ನಲು ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗಿರಬೇಕು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಯುತ್ತಿರಬೇಕು, ಸಾಮಾನ್ಯವಾಗಿ ಇದು 12 ತಿಂಗಳು ನಡೆದಿರಬೇಕು. ನಿದ್ದೆ, ಊಟ, ಕಾಲೇಜು ಮೂರೂ ತಪ್ಪುತ್ತಿದ್ದರೆ ವರ್ಷ ತುಂಬಲಿ ಎಂದು ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನ ‘ಷಟ್ ಕ್ಲಿನಿಕ್’ ಇದಕ್ಕೆಂದೇ ಇದೆ, ಊರಿಂದಲೇ ಮಾತಾಡಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದೆ. ‘ಗೆದ್ದರೆ ಹಣ’ ಎನ್ನುವ ಆ್ಯಪ್ ಫೋನಿನಲ್ಲಿದ್ದರೆ ತೆಗೆಸಿ. ಗೇಮ್‌ನೊಳಗೆ ಪಾತ್ರದ ಬಟ್ಟೆ, ಬಂದೂಕಿನ ಬಣ್ಣ ಕೊಳ್ಳುವ ಖರ್ಚು ಬೇರೆ. ಅದಕ್ಕೆ ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ, ಆ ಫೋನಿನಲ್ಲಿ ನಿಮ್ಮ ಬೆರಳಚ್ಚು ಬಿಟ್ಟು ಬೇರೆ ಬೆರಳಚ್ಚು ಸೇರಿಸಿದ್ದಾನೆಯೇ ನೋಡಿ.

ಪ್ರಶ್ನೆ: (ಮತ್ತೆ ಹಾಸನದ ವಿದ್ಯಾರ್ಥಿ) ಆಡುವುದಷ್ಟೇ ಅಲ್ಲ, ಗೇಮ್ ಮಾಡಬೇಕು. ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ‍್ಯಾಮ್.

ಉತ್ತರ: ಸಾಕು. ಗೇಮ್ ಕಟ್ಟುವ ತಂತ್ರಾಂಶ ಗೋಡಾಟ್ ಎಂಜಿನ್ ಇಳಿಸಿಕೋ, ಉಚಿತ, ಮುಕ್ತ. ಹೊಸ ಪ್ರಾಜೆಕ್ಟ್ ಮಾಡುವಾಗ ‘ಕಂಪ್ಯಾಟಿಬಿಲಿಟಿ’ ರೆಂಡರರ್ (ಪರದೆ ಮೇಲೆ ಚಿತ್ರ ಬಿಡಿಸುವ ವಿಧಾನ) ಆರಿಸು, ಉಳಿದೆರಡು ಹಳೆಯ ಗ್ರಾಫಿಕ್ಸ್‌ಗೆ ಭಾರ. ಮೊದಲ ಗೇಮ್ 1972ರ ಪಾಂಗ್‌ನಂಥದ್ದಾಗಿರಲಿ: ಎರಡು ಪಟ್ಟಿ, ಒಂದು ಚೆಂಡು. ಯುದ್ಧದ ಗೇಮ್‌ನಿಂದ ಶುರುಮಾಡಿದವರು ಅರ್ಧಕ್ಕೇ ಬಿಡುತ್ತಾರೆ.

ಇದರಲ್ಲೇ ಎರಡು ತಪ್ಪು ಖಂಡಿತ ಎದುರಾಗುತ್ತವೆ. ಮೊದಲನೆಯದು: ಚೆಂಡನ್ನು ಪ್ರತಿ ಫ್ರೇಮ್‌ಗೆ 5 ಪಿಕ್ಸೆಲ್ ಸರಿಸಿದರೆ, 60 ಫ್ರೇಮ್‌ನ ಪರದೆಯಲ್ಲಿ ಸೆಕೆಂಡಿಗೆ 300 ಪಿಕ್ಸೆಲ್ ಓಡುತ್ತದೆ, ಗೆಳೆಯನ 120ರ ಪರದೆಯಲ್ಲಿ 600. ವೇಗವನ್ನು ಸೆಕೆಂಡಿಗೆ 300 ಎಂದು ಬರೆದು ‘ಡೆಲ್ಟಾ’ದಿಂದ ಗುಣಿಸು. ಹಿಂದಿನ ಫ್ರೇಮ್‌ನಿಂದ ಕಳೆದ ಸಮಯವೇ ಡೆಲ್ಟಾ, ಎಂಜಿನ್ ತಾನೇ ಕೊಡುತ್ತದೆ. ಎರಡನೆಯದು: ವೇಗ 1,200ಕ್ಕೆ ಏರಿಸಿದರೆ ಚೆಂಡು ಒಂದು ಫ್ರೇಮ್‌ಗೆ 20 ಪಿಕ್ಸೆಲ್ ಹಾರುತ್ತದೆ. ಪಟ್ಟಿಯ ದಪ್ಪ 10 ಆಗಿ ಚೆಂಡೂ ಸಣ್ಣದಾಗಿದ್ದರೆ, ಒಂದು ಫ್ರೇಮ್‌ನಲ್ಲಿ ಪಟ್ಟಿಯ ಈಚೆ, ಮುಂದಿನದರಲ್ಲಿ ಆಚೆ, ತಾಗಿದ್ದೇ ಲೆಕ್ಕಕ್ಕೆ ಬರುವುದಿಲ್ಲ. ಜಾಗ ನೇರವಾಗಿ ಬದಲಿಸುವುದು ಬಿಟ್ಟು ಎಂಜಿನ್ನಿನ ‘ಮೂವ್ ಅಂಡ್ ಕೊಲೈಡ್’ ಬಳಸು, ಅದು ನಡುವಿನ ದಾರಿಯನ್ನೂ ನೋಡುತ್ತದೆ.

ಮುಂದೆ ಜಿಗಿಯುವ ಗೇಮ್ ಮಾಡುವಾಗ, ಆಟಗಾರ ಅಂಚು ದಾಟಿ 0.1 ಸೆಕೆಂಡ್‌ವರೆಗೆ ಒತ್ತಿದ ಬಟನ್ನನ್ನೂ ಒಪ್ಪಿಕೋ, ನೆಲ ಮುಟ್ಟುವ 0.1 ಸೆಕೆಂಡ್ ಮೊದಲು ಒತ್ತಿದ್ದನ್ನೂ ನೆನಪಿಟ್ಟು ಜಿಗಿಸು. ಟಿವಿಯ ತಡ, ಬೆರಳಿನ ತಡ ಎರಡೂ ಇದರಲ್ಲಿ ಮುಚ್ಚಿಹೋಗುತ್ತವೆ. ಒಳ್ಳೆಯ ಗೇಮ್‌ಗಳು ‘ಕೈಗೆ ಹಿತ’ ಎನಿಸುವುದರ ಹಿಂದೆ ಈ ಆರು ಫ್ರೇಮ್‌ಗಳ ಉದಾರತೆ ಇದೆ.

ಗೇಮ್‌ನ ಬರಹ ಕನ್ನಡದಲ್ಲೇ ಇರಲಿ. ಗೋಡಾಟ್‌ನ 4ನೇ ಆವೃತ್ತಿಯಿಂದ ಒತ್ತಕ್ಷರ ಸರಿಯಾಗಿ ಕೂರುತ್ತದೆ, 3ರಲ್ಲಿ ಬಿಡಿಬಿಡಿಯಾಗಿ ಒಡೆಯುತ್ತಿತ್ತು. ನೋಟೊ ಸಾನ್ಸ್ ಕನ್ನಡ ಫಾಂಟನ್ನು ಪ್ರಾಜೆಕ್ಟಿನ ಫೋಲ್ಡರಿಗೆ ಹಾಕಿ, ಲೇಬಲ್‌ನ ಥೀಮ್‌ನಲ್ಲಿ ಆರಿಸಿ, ‘ಲಕ್ಷ್ಮಿ’, ‘ಅಂಕಗಳು’, ‘ಮತ್ತೊಮ್ಮೆ’ ಎಂದು ಬರೆದು ನೋಡು. ನಿನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಿದ್ದು ಗೆಳೆಯನ ಫೋನಿನಲ್ಲಿ ಚೌಕಗಳು ಕಂಡರೆ, ಫಾಂಟ್ ಪ್ರಾಜೆಕ್ಟಿನೊಳಗೆ ಸೇರಿಲ್ಲ, ವಿಂಡೋಸ್‌ನ ಫಾಂಟನ್ನೇ ಎರವಲು ಪಡೆದು ತೋರಿಸುತ್ತಿತ್ತು ಎಂದರ್ಥ.